ಬಂದವರಿಗೆ ನೀರು

ಹೊಸಿಲು ದಾಟಿ ಬಂದವರ ಮುಂದೆ ಮೊದಲು ತಂಬಿಗೆ ಇಡಬೇಕು, ಮಾತೇನಿದ್ದರೂ ಆಮೇಲೆ. ತೆಲಸಂಗದಾಚೆಯ ಕುರಿಗಾರರ ವಸ್ತಿಯಲ್ಲಿ ಭೀಮಾಬಾಯಿ ಐವತ್ತು ವರ್ಷ ಹಾಗೇ ಬಾಳಿದವಳು. ಮನೆಯಲ್ಲಿ ನೀರಿಲ್ಲ ಅನ್ನುವುದೆಂದರೆ ಅವಳಿಗೆ ಮಾನ ಹೋದ ಹಾಗೆ. ಆ ಅಭಿಮಾನವೇ ಈ ಸಲ ಇಡೀ ವಸ್ತಿಯ ಕುತ್ತಿಗೆಗೆ ಬಂತು ನೋಡಿ.

ಸಂಕ್ರಾಂತಿ ಕಳೆದ ಮೇಲೆ ಕೋಮಲ ಎಂಬ ಹುಡುಗಿ ಟ್ಯಾಬ್ ಹಿಡಿದು ಸರ್ಕಾರದ ನೀರಿನ ಸರ್ವೆಗೆ ಬಂದಳು. ನೀರಿಗೆ ಬರವಿಲ್ಲದ ಬೇಡಕಿಹಾಳದ ಕಬ್ಬಿನ ನಡುವೆ ಬೆಳೆದವಳು. ಬಿಸಿಲಿಗೆ ಕೆಂಪಾದ ಅವಳ ಮುಖ ನೋಡಿ ಭೀಮಾಬಾಯಿಗೆ ಅಯ್ಯೋ ಅನ್ನಿಸಿತು. ಟ್ಯಾಂಕರಿನಿಂದ ತುಂಬಿಟ್ಟಿದ್ದ ಕೊನೆಯ ಕೊಡ ಬಗ್ಗಿಸಿ ತಂಬಿಗೆ ನೀರು, ಒಂದು ಚೂರು ಬೆಲ್ಲ ಮುಂದಿಟ್ಟಳು. ಹುಡುಗಿ ನಳ ಇದೆಯೇ ಎಂದು ಕೇಳಿದಳು. ಇತ್ತು, ಹಾಕಿಸಿ ಎರಡು ವರ್ಷವಾದರೂ ಹನಿ ನೀರು ಬಂದಿರಲಿಲ್ಲ, ಅದಕ್ಕೆ ಆಡಿನ ಮರಿ ಕಟ್ಟಿದ್ದರು. ನೀರಿಗೆ ತೊಂದರೆಯೇ ಎಂದು ಕೇಳಿದಳು. ಬಂದವಳು ತಂಬಿಗೆ ಎತ್ತಿ ಕುಡಿಯುತ್ತಿರುವಾಗ ಯಾವ ಬಾಯಿಂದ ಹೌದನ್ನುವುದು? ಏನೂ ಇಲ್ಲ, ನೀ ಕುಡಿ ತಾಯಿ ಅಂದುಬಿಟ್ಟಳು. ವಸ್ತಿಯ ಹದಿನೆಂಟು ಮನೆಯಲ್ಲೂ ಇದೇ ಕಥೆ.

ಯುಗಾದಿಯ ಹೊತ್ತಿಗೆ ಆ ಉತ್ತರಗಳ ಮೇಲೆ ಪಟ್ಟಿ ಹೊರಬಿತ್ತು. ಸುಸ್ಥಿರ ಅಭಿವೃದ್ಧಿಯ ಪಟ್ಟಿಯಂತೆ! ಕಬ್ಬಿನ ಸೀಮೆಗೂ ಈ ಒಣ ನೆಲಕ್ಕೂ ಅದರಲ್ಲಿ ಒಂದೇ ಹಸಿರು ಬಣ್ಣ, ನೂರಕ್ಕೆ ನೂರು. ಹಸಿರು ಸಿಕ್ಕ ಊರಿಗೆ ಟ್ಯಾಂಕರ್ ಯಾಕೆ ಎಂದು ನಿಲ್ಲಿಸಿಯೇಬಿಟ್ಟರು. ಏಳು ತಿಂಗಳ ಬಸುರಿ ಸೊಸೆ ಸಕ್ಕುಬಾಯಿ ಎರಡು ಮೈಲಿ ದೂರದ ಬಾವಿಯಿಂದ ನೀರು ಹೊರತೊಡಗಿದಳು. ಪ್ರತಿ ಸಲ ಅವಳು ಕೊಡ ಇಳಿಸುವಾಗ ಭೀಮಾಬಾಯಿ ಓಡಿ ಬಂದು ಕೈ ಕೊಡುತ್ತಿದ್ದಳು. ಮಗ ಅಮೋಘಸಿದ್ದ ಕಚೇರಿಗೆ ಅಲೆದ. ನಿಮ್ಮವ್ವನೇ ತೊಂದರೆಯಿಲ್ಲ ಅಂದಿದ್ದಾಳಲ್ಲ ಎಂದು ಅಲ್ಲಿ ತೋರಿಸಿದರಂತೆ. ಕೊನೆಗೆ ಅವನ ಕಾಟ ತಾಳದೆ, ಅದೇ ಮನೆಯನ್ನು ಮತ್ತೊಮ್ಮೆ ನೋಡುತ್ತೇವೆ, ನಿಮ್ಮವ್ವನ ಮಾತೇ ಕೊನೆ ಎಂದರು.

ಮೇ ತಿಂಗಳ ಮಟಮಟ ಮಧ್ಯಾಹ್ನ ಕೋಮಲಳೇ ಬಂದಳು. ತುಟಿ ಒಣಗಿ ಬಿರಿದಿತ್ತು. ಒಳಗೆ ಸೊಸೆ ಹೊತ್ತು ತಂದ ಅರ್ಧ ಕೊಡ ನೀರಿತ್ತು. ಭೀಮಾಬಾಯಿಯ ಕೈ ತಾನಾಗಿ ಕೊಡದ ಕಡೆ ಹೋಯಿತು, ಅಲ್ಲೇ ನಿಂತಿತು. ಖಾಲಿ ತಂಬಿಗೆ ತಂದು ಹುಡುಗಿಯ ಮುಂದಿಟ್ಟಳು.

"ಕುಡಿಯಾಕ ನೀರಿಲ್ಲ ತಂಗಿ."

ಕೋಮಲ ತಂಬಿಗೆಯ ಒಳಗೆ ನೋಡಿದಳು. "ಹೋದ ಸಲ ಕೊಟ್ಟಿದ್ರಲ್ರಿ, ಆಯಿ?"

"ಅವತ್ತ ಮನ್ಯಾಗ ಇದ್ದದ್ದ ಅಷ್ಟು. ನಿನಗ ಕೊಟ್ಟೆ."

ಹುಡುಗಿ ಟ್ಯಾಬ್ ಹಿಡಿದು ಎದ್ದಳು. ಹೊರಗೆ ನಳಕ್ಕೆ ಕಟ್ಟಿದ್ದ ಮರಿಯ ಫೋಟೋ ತೆಗೆದು, ಹಳೆಯ ಉತ್ತರ ಅಳಿಸಿ, ಹದಿನೆಂಟು ಮನೆಗೂ ಮತ್ತೆ ಹೋದಳು. ಅವಳು ಹೋಗುವಾಗ ಭೀಮಾಬಾಯಿ ಬಾಗಿಲವರೆಗೂ ಬರಲಿಲ್ಲ. ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು.

ಹತ್ತನೆಯ ದಿನ ಟ್ಯಾಂಕರ್ ಬಂತು. ಮೊದಲ ಕೊಡದಿಂದ ಅವಳು ತಂಬಿಗೆ ತುಂಬಿ, ಬೆಲ್ಲದ ಚೂರು ಪಕ್ಕಕ್ಕಿಟ್ಟು, ಹುಡುಗಿ ಕುಳಿತಿದ್ದ ಜಾಗದಲ್ಲಿ ಇಟ್ಟಳು. ಸಂಜೆಯವರೆಗೂ ಅದನ್ನು ಯಾರಿಗೂ ಮುಟ್ಟಗೊಡಲಿಲ್ಲ.