ಅಮಲೋರ್ಪವಂ ಅವರ ಎರಡನೇ ರೌಂಡ್ಸ್

ಪರೀಕ್ಷೆಯ ಪ್ರಶ್ನೆಯನ್ನು ಓದಿ ಮುಗಿಸಿ, ಅದರೊಳಗಿನ ರೋಗಿ ಬದುಕಿದನೇ ಎಂದು ಕೇಳಿದವರನ್ನು ನಾನು ಕಂಡದ್ದು ಒಬ್ಬರನ್ನೇ. ತಿರುಚ್ಚಿಯ ಪಾಲಕ್ಕರೈಯಲ್ಲಿ, ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯ ಮಹಡಿಯ ಮೇಲೆ ನಡೆಯುತ್ತಿದ್ದ ನಮ್ಮ ಮೆಡಿಕಲ್ ಕೋಡಿಂಗ್ ತರಗತಿಗೆ ಅಮಲೋರ್ಪವಂ ಬಂದಾಗ ಅವರಿಗೆ ಐವತ್ತು ದಾಟಿತ್ತು. ವೈದ್ಯರು ಬರೆದಿಟ್ಟ ಕಾಯಿಲೆ, ಗಾಯ, ಚಿಕಿತ್ಸೆಗಳನ್ನು ದಪ್ಪ ಪುಸ್ತಕಗಳಲ್ಲಿ ಹುಡುಕಿ ಸಂಖ್ಯೆಗಳಾಗಿ ಮಾರ್ಪಡಿಸುವ ವಿದ್ಯೆ ಅದು. ಪರೀಕ್ಷೆ ಅಮೆರಿಕದವರದು, ಹಾಗಾಗಿ ಪ್ರಶ್ನೆಗಳೊಳಗಿನ ರೋಗಿಗಳೂ ಅಮೆರಿಕದವರೇ. ನಮಗೆಲ್ಲ ಅವರು ಬರಿಯ ಅಂಕಗಳು, ಅಮಲೋರ್ಪವಂ ಅವರಿಗೆ ಮಾತ್ರ ಹಾಸಿಗೆ ಹಿಡಿದ ಮನುಷ್ಯರು.

ಮಿಷನ್ ಆಸ್ಪತ್ರೆಯ ವಾರ್ಡುಗಳಲ್ಲಿ ಯೌವನವನ್ನೂ ಅದರಾಚೆಯ ಆಯುಷ್ಯವನ್ನೂ ಸವೆಸಿದ ನರ್ಸ್ ಅವರು. ಮಲಗಿದವರನ್ನು ಎಬ್ಬಿಸದ ನಿಶ್ಶಬ್ದ ನಡಿಗೆ ಕಾಲಿಗೆ ಅಂಟಿಹೋಗಿತ್ತು. ಎಡ ಮೊಣಕಾಲು ಬಾತು ಕುಂಟುವಾಗಲೂ ಸದ್ದಿಲ್ಲದೆಯೇ ಕುಂಟುತ್ತಿದ್ದರು. ಎದೆಯ ಮೇಲೆ ತಲೆಕೆಳಗಾಗಿ ತೂಗುವ ಪುಟ್ಟ ಗಡಿಯಾರವನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯ ಎರಡು ಬೆರಳುಗಳನ್ನು ಪುಟದ ಮೇಲೆ ಒತ್ತಿ ಪ್ರಶ್ನೆ ಓದುತ್ತಿದ್ದ ಅವರನ್ನು ನೋಡಿದರೆ, ಕಾಗದದ ನಾಡಿ ನೋಡುತ್ತಿದ್ದಾರೇನೋ ಅನ್ನಿಸುತ್ತಿತ್ತು. ಆ ಹಾಳು ಮೊಣಕಾಲೇ ಅವರನ್ನು ನಮ್ಮ ಬೆಂಚಿಗೆ ತಂದದ್ದು. ಇನ್ನು ವಾರ್ಡಿನ ಓಡಾಟ ಸಾಗದು, ಕೋಡಿಂಗ್ ಸರ್ಟಿಫಿಕೇಟ್ ತಂದರೆ ದಾಖಲೆ ವಿಭಾಗದಲ್ಲಿ ಒಂದು ಕುರ್ಚಿ, ತರದಿದ್ದರೆ ಹಾರ ಹಾಕಿ ಬೀಳ್ಕೊಡುಗೆ ಎಂದು ಆಸ್ಪತ್ರೆಯವರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

"ಫಿನಾಯಿಲ್ ವಾಸನೆ ಇಲ್ದೆ ನಂಗೆ ಬೆಳಗಾಗಲ್ಲ ಕಣಮ್ಮ," ಎಂದು ನನ್ನೊಡನೆ ಒಮ್ಮೆ ಹೇಳಿದ್ದರು. ನಗುತ್ತಲೇ ಹೇಳಿದರೂ ಕಣ್ಣಲ್ಲಿ ನಗು ಇರಲಿಲ್ಲ.

ಪಾಠ ಹೇಳುತ್ತಿದ್ದ ಕದಿರವನ್, ಅವರ ಮಗನಾಗಬಹುದಾದ ವಯಸ್ಸಿನವನು, ಒಂದು ದಿನ ಅಭ್ಯಾಸಕ್ಕೆಂದು ಒಬ್ಬ ಮುದುಕನನ್ನು ಕೊಟ್ಟ. ಮನೆಯ ಮುಂದಿನ ಹಿಮವನ್ನು ಸಲಿಕೆಯಿಂದ ಎತ್ತಿಹಾಕುವಾಗ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡವನು, ಒಬ್ಬನೇ ವಾಸ. ನಾವೆಲ್ಲ ಪುಸ್ತಕ ತಿರುವುತ್ತಿದ್ದೆವು. ಅಮಲೋರ್ಪವಂ ಪೆನ್ಸಿಲ್ ಕೆಳಗಿಟ್ಟರು.

"ಒಬ್ಬನೇ ಇರೋನಾ? ಅಯ್ಯೋ ಕರ್ತನೇ! ಗಂಜಿ ಯಾರು ಕಾಯಿಸಿ ಕೊಡ್ತಾರೆ?"

"ಒಬ್ಬನೇ ಇರೋದಕ್ಕೂ ಕೋಡ್ ಇದೆ ಅಕ್ಕಾ, ಪುಸ್ತಕದ ಕೊನೇಲಿ ಹುಡುಕಿ."

ಹುಡುಕಿದರು. ಸಿಕ್ಕಿತು. ಬಹಳ ಹೊತ್ತು ಅದನ್ನೇ ನೋಡಿ, "ನಂಬರ್ ಇದೆ ತಮ್ಮಾ, ಗಂಜಿ ಇಲ್ಲ," ಎಂದರು. ತರಗತಿ ಗೊಳ್ಳೆಂದು ನಕ್ಕಿತು. ನನಗೂ ನಗು ಬಂತು, ಆದರೆ ಅಂದು ಸಂಜೆ ಊಟಕ್ಕೆ ಕೂತಾಗ ಆ ಮುದುಕ ನೆನಪಾದ.

ಮೊದಲ ಪರೀಕ್ಷೆಯಲ್ಲಿ ಅವರು ನಪಾಸಾದರು. ಉತ್ತರ ಗೊತ್ತಿರಲಿಲ್ಲವೆಂದಲ್ಲ, ಪತ್ರಿಕೆ ಮುಗಿಯಲೇ ಇಲ್ಲ. ಅರ್ಧ ದಾರಿಗೆ ಬಂದವರು ಮತ್ತೆ ಮೊದಲ ಪ್ರಶ್ನೆಗೆ ಹಿಂತಿರುಗಿ, ಒಬ್ಬೊಬ್ಬರನ್ನೇ ವಿಚಾರಿಸುತ್ತ ಬಂದಿದ್ದರು.

"ಯಾಕಕ್ಕಾ ಹಿಂದೆ ಹೋದ್ರಿ?" ಕದಿರವನ್ ತಲೆ ಮೇಲೆ ಕೈ ಹೊತ್ತ.

"ಬೆಳಿಗ್ಗೆ ನೋಡಿದ ರೋಗೀನ ಮಧ್ಯಾಹ್ನ ಇನ್ನೊಂದ್ಸಲ ನೋಡದೆ ಬಿಡೋಕಾಗುತ್ತೇನೋ? ಎರಡನೇ ರೌಂಡ್ಸ್ ಅದು."

ಕದಿರವನ್‌ಗೆ ಸಿಟ್ಟು ಬಂದಿರಬೇಕು, ಆದರೆ ಹುಡುಗ ಜಾಣ. ಹೀಗೆ ಕೇಳಿದ: "ಗುಣವಾಗಿ ಮನೆಗೆ ಹೊರಟೋರ ಹಿಂದೆಯೂ ಹೋಗ್ತೀರಾ?"

"ಛೇ, ಅವರ ಹಿಂದೆ ಯಾಕೆ? ಅವರಿಗೆ ʻಹೋಗಿ ಬನ್ನಿʼ ಅಂತಲೂ ಅನ್ನಬಾರದು. ಆಸ್ಪತ್ರೆಗೆ ಮತ್ತೆ ಬನ್ನಿ ಅಂದಂಗಾಗುತ್ತೆ."

"ಮತ್ತೆ ಏನಂತೀರಿ?"

"ʻಹೊರಡಿ, ಇನ್ನು ಈ ಕಡೆ ಮುಖ ಹಾಕಬೇಡಿʼ ಅಂತ ಬೆನ್ನು ತಟ್ಟಿ ಕಳಿಸ್ತೀವಿ."

"ಇವರನ್ನೂ ಹಾಗೇ ಕಳಿಸಿಬಿಡಿ ಅಕ್ಕಾ. ಉತ್ತರ ಬರೆದಾಯ್ತು ಅಂದ್ರೆ ಗುಣವಾಯ್ತು ಅಂತ."

ಅವರ ಎರಡನೇ ಪರೀಕ್ಷೆಯ ದಿನ ನಾನೂ ಮೊದಲ ಸಲ ಬರೆಯಲು ಕೂತಿದ್ದೆ, ಅವರು ನನ್ನ ಪಕ್ಕದ ಸಾಲಿನಲ್ಲಿದ್ದರು. ಪ್ರತಿ ಪ್ರಶ್ನೆಯ ಕೊನೆಗೆ ತುಟಿ ಅಲುಗುತ್ತಿತ್ತು, ಅಂಗೈ ಪುಟವನ್ನು ಮೆಲ್ಲಗೆ ತಟ್ಟುತ್ತಿತ್ತು. ಮೇಲ್ವಿಚಾರಕಿ ಅನುಮಾನದಿಂದ ಬಳಿಗೆ ಬಂದು "ಯಾರ ಜೊತೆ ಮಾತು?" ಎಂದು ಗದರಿದಳು. "ಮನೆಗೆ ಕಳಿಸ್ತಾ ಇದೀನಿ ಮೇಡಂ," ಎಂದರು ಇವರು, ತಲೆ ಎತ್ತದೆ. ಆಕೆಗೆ ಏನರ್ಥವಾಯಿತೋ, ಹೊರಟುಹೋದಳು. ಗಂಟೆ ಬಾರಿಸುವ ಮೊದಲೇ ಪತ್ರಿಕೆ ಮಡಚಿದ್ದ ಅಮಲೋರ್ಪವಂ ಒಮ್ಮೆಯೂ ಹಿಂದಿನ ಪುಟ ತಿರುವಲಿಲ್ಲ. ಕೈ ಮಾತ್ರ ಗಡಿಯಾರವನ್ನು ಗಟ್ಟಿಯಾಗಿ ಹಿಡಿದಿತ್ತು.

ಪಾಸಾದರು. ಮಣಪ್ಪಾರೈ ಊರಿನ ಮುರುಕ್ಕು ಚಕ್ಕುಲಿಯ ದೊಡ್ಡ ಪೊಟ್ಟಣ ಹಿಡಿದು, ಮೆಟ್ಟಿಲಿಗೊಮ್ಮೆ ನಿಂತು ಮಹಡಿ ಹತ್ತಿ ಬಂದು, ಎಲ್ಲರ ಕೈಗೂ ತಾವೇ ಹಾಕಿದರು. ದಾಖಲೆ ವಿಭಾಗದ ಕಿಟಕಿ ಹೆರಿಗೆ ವಾರ್ಡಿನ ಕಡೆಗೇ ತೆರೆಯುತ್ತದಂತೆ. ಕೂಸುಗಳ ಅಳು ಕೇಳಿಸುತ್ತದಂತೆ. ಅದನ್ನು ಮೂರು ಸಲ ಹೇಳಿದರು. ಹೊರಟಾಗ ಕದಿರವನ್ ಬಾಗಿಲವರೆಗೆ ಬಂದು ರೂಢಿಯಂತೆ, "ಹೋಗಿ ಬನ್ನಿ ಅಕ್ಕಾ," ಎಂದ.

ಅವರು ಮೆಟ್ಟಿಲ ಮೇಲೆ ಗಕ್ಕನೆ ನಿಂತರು. "ಪಾಸಾದೋರಿಗೆ ಹಂಗಂತಾರೇನೋ, ಪೆದ್ದಾ?"

ಹುಡುಗ ನಾಲಿಗೆ ಕಚ್ಚಿಕೊಂಡ. "ಹೊರಡಿ ಅಕ್ಕಾ. ಇನ್ನು ಈ ಕಡೆ ಮುಖ ಹಾಕಬೇಡಿ."

ರೋಗಿಗಳನ್ನು ಸಂಖ್ಯೆಗಳಾಗಿಸುವ ವಿದ್ಯೆಗೆ ನಮ್ಮಂಥವರು ಬೇಕಾದಷ್ಟು ಮಂದಿ ಸಿಗುತ್ತೇವೆ. ಆದರೆ ಸಂಖ್ಯೆಯ ಬೆನ್ನು ತಟ್ಟಿ ಮನೆಗೆ ಕಳಿಸುವ ಜನ ಬೇರೆಯೇ. ಅವರು ಕಲಿಯುವುದು ನಿಧಾನ, ಎರಡೆರಡು ಸಲ ಪರೀಕ್ಷೆಗೆ ಕೂರುತ್ತಾರೆ, ನಮ್ಮ ನಗೆಗೂ ಈಡಾಗುತ್ತಾರೆ. ನಾವು ಹಾಸಿಗೆ ಹಿಡಿದ ದಿನ ಮಾತ್ರ, ನಮ್ಮ ಕಾಗದ ಇಂಥವರ ಕೈಗೇ ಹೋಗಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತೇವೆ.