ಗಂಡಭೇರುಂಡ ತಂಡಕ್ಕೊಬ್ಬ ಪಿಚರ್

ಹಿಂದಿನ ವರ್ಷ ಬ್ಲೂ ಜೇಸ್ ತಂಡ ಪ್ಲೇ-ಆಫ್ ತನಕ ಹೋಗಿದ್ದೇ ನೆಪ, ಟೊರಾಂಟೊ ಸುತ್ತಮುತ್ತ ಕ್ರಿಕೆಟ್ ಬ್ಯಾಟು ಬಿಟ್ಟು ಬೇರೇನೂ ಹಿಡಿಯದವರಿಗೂ ಬೇಸ್‌ಬಾಲ್ ಹುಚ್ಚು ಹತ್ತಿತು. ಪಕ್ಕದ ವಾನ್ ಊರಿನ ಗೋದಾಮುಗಳಲ್ಲಿ ದುಡಿಯುವವರೆಲ್ಲ ಸೇರಿ ೨೦೧೬ರ ಬೇಸಿಗೆಗೆ ಒಂದು ರವಿವಾರದ ಲೀಗ್ ಕಟ್ಟಿದರು. ಜೇಸ್ ಅಂದರೆ ಹಕ್ಕಿಗಳಲ್ಲವೇ, ಹಾಗಾಗಿ ಎಲ್ಲ ತಂಡಗಳೂ ಹಕ್ಕಿಯ ಹೆಸರನ್ನೇ ಇಟ್ಟುಕೊಂಡವು. ಮಾಲ್ಟನ್ನಿನ ಪಂಜಾಬಿ ಟ್ರಕ್ ಚಾಲಕರು ‘ಹಾಕ್ಸ್’ ಆದರು. ಬೆಳಗಾವಿಯ ಈರೇಶ ಕಟ್ಟಿದ ಕನ್ನಡಿಗರ ತಂಡ ‘ಗಂಡಭೇರುಂಡ’ ಆಯಿತು.

“ಎಲ್ಲಾರ ಹಕ್ಕಿಗೂ ಒಂದ ತಲಿ. ನಮ್ಮದಕ್ಕ ಎರಡು,” ಎಂದು ಈರೇಶ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ. ಜೂನ್ ಮುಗಿಯುವ ಹೊತ್ತಿಗೆ ಆ ಎರಡೂ ತಲೆಗಳು ನೆಲ ನೋಡುತ್ತಿದ್ದವು. ತಂಡ ಒಂದೇ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ.

ಈರೇಶ ಒಂದು ಫರ್ನಿಚರ್ ಗೋದಾಮಿನಲ್ಲಿ ಸೂಪರ್‌ವೈಸರ್. ನಲವತ್ತು ದಾಟಿದವನು, ದಪ್ಪ ಗಾಜಿನ ಕನ್ನಡಕದವನು. ತಂಡದ ಮ್ಯಾನೇಜರೂ ಅವನೇ, ಕ್ಯಾಚರೂ ಅವನೇ. ಬ್ಯಾಟು ಹಿಡಿದವನ ಬೆನ್ನ ಹಿಂದೆ ಕುಕ್ಕರಗಾಲಿನಲ್ಲಿ ಕೂತು, ಪಿಚರ್ ಎಸೆದ ಚೆಂಡು ಹಿಡಿಯುವ ಆ ಕೆಲಸಕ್ಕೆ ಉಳಿದವರ ಮೊಣಕಾಲು ಒಪ್ಪಲಿಲ್ಲ. “ಕುಕ್ಕರಗಾಲಿನ್ಯಾಗ ಕುಂದ್ರೂದು ನನಗ್ಯಾರೂ ಕಲಿಸೂದ ಬ್ಯಾಡ,” ಎಂದು ಅವನು ತಾನಾಗಿಯೇ ಮುಂದೆ ಬಂದಿದ್ದ.

ತಂಡದ ರೋಗ ಇದ್ದದ್ದು ಪಿಚಿಂಗಿನಲ್ಲಿ. ಹಿರಿಯನಾದ ಗದಿಗೆಪ್ಪ ಮೊದಲೆರಡು ಪಂದ್ಯಗಳಲ್ಲಿ ಎಸೆದು, ಆಮೇಲೆ ಬಾಚಣಿಕೆಯನ್ನು ತಲೆಯವರೆಗೆ ಎತ್ತಲಾರದೆ ಒಂದು ವಾರ ಕೂದಲು ಕೆದರಿಕೊಂಡೇ ಓಡಾಡಿದ. “ನನ್ನ ಭುಜ ರಾಜೀನಾಮಿ ಕೊಟ್ಟೈತಿ,” ಎಂದು ಫಸ್ಟ್ ಬೇಸಿಗೆ ಹೋಗಿ ನಿಂತ. ಉಳಿದವನು ನಿಜಗುಣ, ಮನೆಯವರ ಬಾಯಲ್ಲಿ ನಿಂಗು. ಈರೇಶನ ಹೆಂಡತಿ ಮಾಧುರಿಯ ತಮ್ಮ, ಅವರದೇ ಮನೆಯ ಬೇಸ್‌ಮೆಂಟಿನಲ್ಲಿ ಇರುವವನು, ಫೋರ್ಕ್‌ಲಿಫ್ಟ್ ಓಡಿಸುವವನು. ಅವನ ತೋಳು ಗರಡಿಯಾಳಿನ ತೋಳು. ಹಿತ್ತಲಿನ ಬೇಲಿಯ ಒಂದು ಹಲಗೆಗೆ ಗುರಿ ಇಟ್ಟರೆ ಹತ್ತಕ್ಕೆ ಹತ್ತು ಸಲ ಅದೇ ಹಲಗೆ ಅದುರುತ್ತಿತ್ತು.

ಪಂದ್ಯದಲ್ಲಿ ಮಾತ್ರ ಅವನ ಚೆಂಡಿಗೆ ದೆವ್ವ ಹಿಡಿಯುತ್ತಿತ್ತು. ಒಂದು ಎಡಕ್ಕೆ, ಒಂದು ಬಲಕ್ಕೆ, ಇನ್ನೊಂದು ಅಂಪೈರನ ತಲೆಯ ಮೇಲೆ. ಒಮ್ಮೆ ಹೋಗಿ ಲಿಂಬು ಶರಬತ್ತಿನ ಡಬ್ಬಿ ಒಡೆಯಿತು. ಹೀಗೆ ಅಡ್ಡಾದಿಡ್ಡಿ ಚೆಂಡು ನಾಲ್ಕು ಬಿದ್ದರೆ ಬ್ಯಾಟು ಹಿಡಿದವನು ಏನೂ ಮಾಡದೆ ಫಸ್ಟ್ ಬೇಸಿಗೆ ನಡೆದುಹೋಗಬಹುದು. ಮೂರು ಬೇಸು ದಾಟಿ ಹೋಮ್ ಪ್ಲೇಟಿಗೆ, ಅಂದರೆ ಬ್ಯಾಟು ಹಿಡಿದು ನಿಲ್ಲುವ ಜಾಗಕ್ಕೆ, ಮರಳಿದರೆ ಒಂದು ರನ್ನು; ಹಿಂದಿನವನು ನಡೆದು ಬಂದರೆ ಮುಂದಿನವನು ತಾನಾಗಿ ಒಂದು ಬೇಸು ಸರಿಯುತ್ತಾನೆ. ಎದುರಾಳಿಗಳು ನಡೆದೂ ನಡೆದೂ ಪಂದ್ಯ ಗೆದ್ದರು. ಕೆಲವರು ಬ್ಯಾಟನ್ನು ಹೆಗಲಿಂದ ಇಳಿಸುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ.

“ಈರೇಶಪ್ಪ, ಸಂಬಂಧ ನೋಡಿದ್ರ ತಂಡ ಉಳಿಯೂದಿಲ್ಲ,” ಎಂದ ಗದಿಗೆಪ್ಪ. “ಜುಲೈದಾಗ ಒಬ್ಬನ್ನ ತಗದು ಒಬ್ಬನ್ನ ಹಾಕಾಕ ಲೀಗ್‌ನ್ಯಾಗ ಅವಕಾಶ ಐತಿ. ಹೊಸಾ ಹುಡುಗರನ್ನ ನೋಡೂನು.”

“ಮಾಧುರಿಗೆ ಯಾರು ಹೇಳವರು ಗದಿಗೆಪ್ಪಣ್ಣ?”

“ಅದನ್ನೂ ಮ್ಯಾನೇಜರ್ ಆದಾವನ ಮಾಡಬೇಕಾಕ್ಕೈತಿ.”

ಮುಂದಿನ ಶನಿವಾರ ವಾನ್‌ನ ಒಂದು ಪಾರ್ಕಿನಲ್ಲಿ ಪರೀಕ್ಷೆ ಇಟ್ಟರು. ಮೊದಲು ಬಂದವನು ಮೈಸೂರಿನ ಶ್ರೀಕಂಠ, ಐ.ಟಿ.ಯವನು. ಚೆಂಡು ಗಾಳಿಯಲ್ಲಿ ಹೇಗೆ ತಿರುಗಬೇಕು ಎಂಬುದನ್ನು ಲ್ಯಾಪ್‌ಟಾಪಿನಲ್ಲಿ ಬಣ್ಣಬಣ್ಣದ ಗೆರೆ ಹಾಕಿ ತೋರಿಸಿದ. ಅವನು ಎಸೆದ ಚೆಂಡು ಅರ್ಧ ದಾರಿಯಲ್ಲೇ ದಣಿದು ಕೂತಿತು. ಅವನು ಬೇಸರ ಮಾಡಿಕೊಳ್ಳಲಿಲ್ಲ, ಗಾಳಿಯ ವೇಗ ತಪ್ಪಾಗಿ ಹಾಕಿದ್ದೆ ಎಂದು ಲ್ಯಾಪ್‌ಟಾಪು ಮುಚ್ಚಿ ಮನೆಗೆ ಹೋದ.

ಎರಡನೆಯವಳು ತಂಡದಲ್ಲೇ ಆಡುವ ಜಯಪ್ರಕಾಶರ ಮಗಳು ಮಾನ್ಯಾ. ಇಲ್ಲೇ ಹುಟ್ಟಿದವಳು, ಯುನಿವರ್ಸಿಟಿಯಲ್ಲಿ ಓದುವವಳು.

“ನೀ ಪಿಚ್ ಮಾಡ್ತಿ ಏನವಾ?” ಎಂದು ಈರೇಶ ಕೇಳಿದ.

“ನೋ ಅಂಕಲ್, ಐ ಆಮ್ ಎ ಕ್ಯಾಚರ್.”

“ಕ್ಯಾಚರ್ ನಮ್ಮಲ್ಲಿ ಅದಾನಲ್ಲ,” ಎಂದು ಈರೇಶ ಎದೆಯ ಮೇಲೆ ಕೈಯಿಟ್ಟುಕೊಂಡ. ಮಾನ್ಯಾ ಅವನ ಮೊಣಕಾಲಿನ ಪಟ್ಟಿಗಳನ್ನೊಮ್ಮೆ ನೋಡಿ, “ಓಕೆ,” ಎಂದಳು.

ಮೂರನೆಯವನು ವರುಣ್. ಬೆಂಗಳೂರಿನಿಂದ ಕಾಲೇಜಿಗೆ ಬಂದವನು, ಸಂಜೆ ಒಂದು ಡೋನಟ್ ಅಂಗಡಿಯಲ್ಲಿ ಶಿಫ್ಟ್ ಮಾಡುವವನು. ಅವನು ಸೆಕೆಂಡ್ ಬೇಸಿನ ಆಚೆ ಹೋಗಿ ನಿಂತು, ಅಲ್ಲಿಂದ ಓಡಿ ಬಂದು, ಕೈಯನ್ನು ನೆಟ್ಟಗೆ ಚಕ್ರದಂತೆ ತಿರುಗಿಸಿ ಒಗೆದ. ಚೆಂಡು ಸರಿಯಾಗಿ ಹೋಮ್ ಪ್ಲೇಟಿನ ಬುಡಕ್ಕೆ ಬಿದ್ದು ಈರೇಶನ ಕಾಲ ಸಂದಿಯಲ್ಲಿ ನುಗ್ಗಿ ಹೋಯಿತು.

“ಯಾರ್ಕರ್ ಅಣ್ಣ,” ಎಂದ ವರುಣ್ ಸಂತೋಷದಿಂದ.

“ಇಲ್ಲಿ ಚೆಂಡು ನೆಲಾ ಮುಟ್ಟಬಾರದಪಾ. ಓಡಿಕೊಂತನೂ ಬರಬಾರದು.”

“ಹೌದಾ? ಮತ್ತೆ ಬೌಲರ್‌ಗೆ ಏನ್ ಉಳೀತು?”

ಆದರೂ ಹುಡುಗ ಚುರುಕು. ಗದಿಗೆಪ್ಪ ಹೇಳಿಕೊಟ್ಟಂತೆ ನಿಂತಲ್ಲೇ ನಿಂತು ಒಗೆದಾಗ ಚೆಂಡು ನಿಧಾನವಾಗಿ, ಆದರೆ ನೇರವಾಗಿ ಬಂದು ಗ್ಲೌಸಿನಲ್ಲಿ ಕೂತಿತು. “ಎತ್ತು ಸಾವಕಾಶ ನಡೀತೈತಿ, ಖರೆ ಸಾಲು ಬಿಡೂದಿಲ್ಲ,” ಎಂದು ಗದಿಗೆಪ್ಪ ತೀರ್ಪು ಕೊಟ್ಟ. ಈರೇಶನಿಗೂ ಹೌದೆನಿಸಿತು.

ಅಂದು ಸಂಜೆ ಊಟಕ್ಕೆ ಕೂತಾಗ ಅವನು ಕಾರಿನಲ್ಲಿ ಬಾಯಿಪಾಠ ಮಾಡಿದ್ದನ್ನೆಲ್ಲ ಒಪ್ಪಿಸಿದ. ರೋಸ್ಟರ್ ಅಂದ, ಫ್ಯೂಚರ್ ಅಂದ, ಡೆವಲಪ್‌ಮೆಂಟು ಅಂದ. ನಿಜಗುಣ ರೊಟ್ಟಿ ಮುರಿಯುತ್ತ ಎಲ್ಲ ಕೇಳಿಸಿಕೊಂಡ.

“ಅಂದ್ರ ನನ್ನ ತಗದ್ರಿ ಏನ್ ಮಾಮಾ?”

“ತಗದಿಲ್ಲೋ ನಿಂಗು. ರೆಸ್ಟ್.”

“ಎಲ್ಲಿತನಾ?”

“ಮುಂದಿನ ಬ್ಯಾಸಗಿತನಾ.”

ಮಾಧುರಿ ತಮ್ಮನ ತಾಟಿಗೆ ಇನ್ನೆರಡು ಎಣ್ಣೆಗಾಯಿ ಬಡಿಸಿ, ಪಾತ್ರೆಯನ್ನು ಗಂಡನ ಮುಂದಿನಿಂದಲೇ ಹಾಯಿಸಿಕೊಂಡು ಹೋಗಿ ಮುಚ್ಚಿಟ್ಟಳು. ಈರೇಶ ಉಳಿದ ರೊಟ್ಟಿಯನ್ನು ಮೊಸರಿನಲ್ಲೇ ಮುಗಿಸಿದ. ಅವನಿಗೆ ಒಂದು ಮಾತ್ರ ತಿಳಿಯಲಿಲ್ಲ. ನಿಜಗುಣನ ಮುಖದಲ್ಲಿ ಸಿಟ್ಟೂ ಇರಲಿಲ್ಲ, ದುಃಖವೂ ಇರಲಿಲ್ಲ. ತಲೆಯ ಮೇಲಿನ ಹೊರೆ ಯಾರೋ ಇಳಿಸಿಕೊಂಡರು ಎನ್ನುವ ಹಾಗೆ ಅವನು ಮಜ್ಜಿಗೆ ಕುಡಿದು ಕೆಳಗಿಳಿದು ಹೋದ.

ಅದೇ ವಾರ ಹಾಕ್ಸ್ ತಂಡದ ಪಿಚರ್ ಲಾರಿ ತೆಗೆದುಕೊಂಡು ದೂರದ ಕ್ಯಾಲ್ಗರಿ ಕಡೆಗೆ ಹೋದವನು ಅಲ್ಲೇ ಕೆಲಸ ಹಿಡಿದ. ಅವರ ನಾಯಕ ಬಲ್‌ಜೀತ್ ಬಂದು ನಿಜಗುಣನನ್ನು ಕೇಳಿದ. ತಂಡವೇ ಇಲ್ಲದವನಿಗೆ ಯಾವ ತಂಡವಾದರೇನು, ಅವನು ಹೂಂ ಅಂದ. ಈರೇಶ ಒಳಗೊಳಗೇ ಖುಷಿಪಟ್ಟ. ತಮ್ಮ ತಲೆನೋವು ಹಾಕ್ಸ್‌ನ ತಲೆಗೆ ಏರಿತಲ್ಲ ಎಂದು ಗದಿಗೆಪ್ಪನಿಗೆ ಫೋನು ಮಾಡಿ ಹೇಳಿದ.

ಇತ್ತ ವರುಣ್ ಪಿಚಿಂಗಿಗೆ ನಿಂತ. ಅವನ ನಿಧಾನದ ಚೆಂಡಿಗೆ ಕಾಯಲಾರದೆ ಬ್ಯಾಟುಗಾರರು ಮೊದಲೇ ಬೀಸಿ ಸುತ್ತು ಹೊಡೆದು ಬೀಳುತ್ತಿದ್ದರು. ಗಂಡಭೇರುಂಡ ಒಂದು ಪಂದ್ಯ ಗೆದ್ದಿತು, ಮತ್ತೊಂದು ಗೆದ್ದಿತು. ಗೋದಾಮಿನ ಊಟದ ಕೋಣೆಯಲ್ಲಿ ಈರೇಶ ಹೊಸ ಆಟಗಾರರನ್ನು ಗುರುತಿಸುವ ಕಲೆಯ ಬಗ್ಗೆ ಭಾಷಣ ಮಾಡತೊಡಗಿದ. “ನಮ್ಮ ನಿಂಗ್ಯಾಗ ತೋಳು ಐತಿ, ಗುರಿ ಇಲ್ಲ,” ಎಂದೂ ಸೇರಿಸುತ್ತಿದ್ದ.

ಆಗಸ್ಟ್ ಕೊನೆಗೆ ಹಾಕ್ಸ್ ಜೊತೆ ಪಂದ್ಯ ಬಂತು. ವಾನ್‌ನ ಮೈದಾನ ದುರಸ್ತಿಯಲ್ಲಿದ್ದುದರಿಂದ ಪೋರ್ಟ್ ಕ್ರೆಡಿಟ್ಟಿನ ಹತ್ತಿರದ ಮೈದಾನದಲ್ಲಿ ಇಟ್ಟಿದ್ದರು. ಅಲ್ಲಿನ ಸರೋವರದ ಕಡೆಯಿಂದ ತಂಪು ಗಾಳಿ. ಮಾಧುರಿ ಎರಡೂ ತಂಡಗಳಿಗೆ ಸಮದೂರದಲ್ಲಿ ಕುರ್ಚಿ ಹಾಕಿಕೊಂಡು, ಒಗ್ಗರಣೆ ಚುರುಮುರಿಯ ಡಬ್ಬಿ ಬಿಚ್ಚಿ ಕೂತಳು.

ನಿಜಗುಣ ಮೊದಲ ಚೆಂಡು ಒಗೆದ. ಹಾಕ್ಸ್ ಕ್ಯಾಚರನ ಗ್ಲೌಸು ಫಟ್ ಎಂದಿತು. ಎರಡನೆಯದೂ ಫಟ್, ಮೂರನೆಯದೂ ಫಟ್. ಮೂರು ನೇರ ಚೆಂಡು ತಪ್ಪಿದರೆ ಬ್ಯಾಟು ಹಿಡಿದವನು ಔಟು. ಗದಿಗೆಪ್ಪ ಬ್ಯಾಟು ಬೀಸಿದ್ದೂ ಔಟಾಗಿ ಬಂದದ್ದೂ ಒಟ್ಟಿಗೇ ಆದಂತಿತ್ತು. “ಕಾಣಸಲಿಲ್ಲಪಾ, ಬರೇ ಸಪ್ಪಳಾ ಕೇಳ್ತು,” ಎಂದ. ವರುಣ್ ಹೋಗಿ ಬಂದು, “ಅಣ್ಣ, ಇವರನ್ನ ನಾವು ಬಿಟ್ಟಿದ್ದಾ?” ಎಂದು ಕೇಳಿದ. ಈರೇಶ ಬ್ಯಾಟು ಎತ್ತಿಕೊಂಡು ಹೋದ.

ಅವನಿಗೆ ಮಾತ್ರ ನಾಲ್ಕೂ ಚೆಂಡು ಹೊರಗೆ ಬಿದ್ದವು. ಠೀವಿಯಿಂದ ಫಸ್ಟ್ ಬೇಸಿಗೆ ನಡೆದ. ಮುಂದಿನ ಸರದಿಯಲ್ಲೂ ಅಷ್ಟೇ: ಉಳಿದವರೆಲ್ಲ ಔಟು, ಅವನೊಬ್ಬ ನಡೆದುಕೊಂಡು ಬೇಸಿಗೆ.

“ನಿನಗೊಬ್ಬಗ ಯಾಕ ಹಿಂಗ?” ಎಂದ ಗದಿಗೆಪ್ಪ.

“ಕಣ್ಣು, ಗದಿಗೆಪ್ಪಣ್ಣ. ಯಾವ ಚೆಂಡು ಬಿಡಬೇಕು ಅನ್ನೂದಕ್ಕ ಕಣ್ಣಿರಬೇಕು,” ಎಂದು ಈರೇಶ ಕನ್ನಡಕ ಒರೆಸಿಕೊಂಡ.

ವರುಣ್ ಕೂಡ ಚೆನ್ನಾಗಿ ಎಸೆದ. ಕೊನೆಯ ಸರದಿಗೆ ಬರುವಾಗ ಗಂಡಭೇರುಂಡ ಒಂದೇ ರನ್ನಿನಿಂದ ಹಿಂದಿತ್ತು. ಹಾಕ್ಸ್ ಹುಡುಗರು ಸುಲಭದ ಎರಡು ಚೆಂಡು ಕೈಚೆಲ್ಲಿದರು, ನಿಜಗುಣ ದಣಿದಿದ್ದ. ಹೇಗೋ ಮೂರೂ ಬೇಸು ತುಂಬಿದವು. ಆದರೆ ಇಬ್ಬರು ಔಟಾಗಿದ್ದರು, ಮೂರನೆಯವನು ಔಟಾದರೆ ಆಟ ಮುಗಿಯಿತು. ಆಗ ಸರದಿ ಈರೇಶನದು. ಅವನು ಇನ್ನೊಮ್ಮೆ ನಡೆದರೆ ಸಾಕು, ಮೂರನೇ ಬೇಸಿನವನು ತಾನಾಗಿ ಒಳಗೆ ಬಂದು ಸ್ಕೋರು ಸಮವಾಗುತ್ತಿತ್ತು.

ಮೊದಲ ಚೆಂಡು ಎಡಕ್ಕೆ ಹೋಯಿತು. ಎರಡನೆಯದು ಬಲಕ್ಕೆ, ಹಾಕ್ಸ್ ಕ್ಯಾಚರ್ ಹಾರಿ ಬಿದ್ದು ಹಿಡಿದ. ಈರೇಶ ಬ್ಯಾಟು ಇಳಿಸಿದ. ಈ ಎಡ, ಈ ಬಲ ಅವನಿಗೆ ಚೆನ್ನಾಗಿ ಗೊತ್ತು. ಇಡೀ ಜೂನ್ ತಿಂಗಳು ಅವನು ಕುಕ್ಕರಗಾಲಿನಲ್ಲಿ ಕೂತು ಇವುಗಳ ಬೆನ್ನು ಹತ್ತಿದ್ದ. ಬ್ಯಾಟು ಹಿಡಿದವರು ಬದಲಾದರು, ಅಂಪೈರು ಬದಲಾದ, ಮೈದಾನ ಬದಲಾಯಿತು. ನಿಜಗುಣನ ಎದುರಿಗೆ ಬದಲಾಗದೆ ಇದ್ದವನು ತಾನೊಬ್ಬನೇ.

ಅವನು ಕೈಯೆತ್ತಿ ಆಟ ನಿಲ್ಲಿಸಿ ನಿಜಗುಣನ ಹತ್ತಿರ ಹೋದ.

“ನಿಂಗು, ಖರೆ ಹೇಳು. ನನ್ನ ಕಡೆ ಒಗೀಲಿಕ್ಕೆ ಅಂಜಾಕತ್ತೀ?”

ನಿಜಗುಣ ಟೋಪಿ ಸರಿಮಾಡಿಕೊಂಡ. “ಎಪ್ರಿಲ್‌ದಾಗ ಪ್ರ್ಯಾಕ್ಟೀಸಿನ್ಯಾಗ ನಿಮ್ಮ ದವಡಿಗೆ ಬಡೀತಲ್ಲ ಮಾಮಾ. ನೀವು ಎರಡ ದಿನಾ ಗಂಜಿ ಕುಡದ್ರಿ. ಅಕ್ಕ ಅವತ್ತ ನನ್ನ ಕೆಳಗ ಕರದು, ಇನ್ನೊಮ್ಮೆ ಅವರಿಗೆ ಏನರ ಆತಂದ್ರ ಬೇಸ್‌ಮೆಂಟು ಖಾಲಿ ಮಾಡು ಅಂದ್ಲು. ಅವತ್ತಿಂದ ನೀವು ಎದುರಿಗೆ ಕಂಡ್ರ ಕೈ ತಾನ ಆ ಕಡೆ ಈ ಕಡೆ ಹೋಕ್ಕೈತಿ. ನಾ ಬೇಕಂತ ಮಾಡೂದಲ್ಲ.”

ಬಲ್‌ಜೀತ್ ಓಡಿ ಬಂದು ಏನು ಸಮಾಚಾರ ಎಂದು ವಿಚಾರಿಸಿದ. “ಫ್ಯಾಮಿಲಿ ಮ್ಯಾಟರ್,” ಎಂದ ಈರೇಶ. ಬಲ್‌ಜೀತ್ ತಲೆಯಾಡಿಸಿ ಮರ್ಯಾದೆಯಿಂದ ದೂರ ನಿಂತ.

ಈರೇಶ ತಿರುಗಿ ಬರುವಾಗ ಗದಿಗೆಪ್ಪ ಗೆರೆಯ ಪಕ್ಕದಲ್ಲಿ ನಿಂತು ಹಲ್ಲು ಕಚ್ಚಿ ಹೇಳುತ್ತಿದ್ದ: “ಸುಮ್ನ ನಿಂದರು ಈರೇಶಪ್ಪ. ಕಂಬ ನಿಂತಂಗ ನಿಂದರು. ಇನ್ನೆರಡ ಚೆಂಡು.” ಅದು ಖರೆಯೇ ಆಗಿತ್ತು. ಕಂಬ ನಿಂತಂತೆ ನಿಂತರೆ ಸಾಕಿತ್ತು. ಆದರೆ ಈರೇಶನಿಗೆ ಗೋದಾಮಿನ ಊಟದ ಕೋಣೆ ನೆನಪಾಯಿತು. ಗುರಿಯಿಲ್ಲದವನು ಎಂದು ವಾನ್ ತುಂಬ ತಾನೇ ಸಾರಿ ಬಂದಿದ್ದ ಹುಡುಗ, ತನ್ನ ಹಲ್ಲು ಕಾಯಲೆಂದು ತಿಂಗಳುಗಟ್ಟಲೆ ನಗೆಪಾಟಲಾಗಿದ್ದ. ಒಂದು ಮಾತೂ ತಿರುಗಿ ಆಡಿರಲಿಲ್ಲ.

“ಮಾಧುರಿ,” ಎಂದು ಅವನು ಮೈದಾನದಾಚೆ ಕೂಗಿದ. “ನೀ ನಿಂಗೂಗ ಏನ ಹೇಳಿದ್ದಿ, ಅದನ್ನ ವಾಪಸ್ ತಗೋ.”

“ಏನ ಹೇಳಿದ್ದೆರೀ?”

“ನನ್ನ ದವಡಿ. ಬೇಸ್‌ಮೆಂಟು.”

ಮಾಧುರಿ ಅರೆಗಳಿಗೆ ಯೋಚಿಸಿದಳು. ಆಮೇಲೆ ಚುರುಮುರಿ ಡಬ್ಬಿ ಕೆಳಗಿಟ್ಟು ಎದ್ದು ನಿಂತಳು. “ಅಯ್ಯ, ಅದನ್ನ ಇನ್ನೂ ಹಿಡಕೊಂಡ ಕುಂತೀ ಏನೋ ನಿಂಗ್ಯಾ? ನಾ ಮರತ ಬಿಟ್ಟೀನಿ. ಒಗಿಯೋ ನೆಟ್ಟಗ. ಹಲ್ಲ ಹೋದ್ರ ಕಟ್ಟಿಸ್ಕೋತಾರ, ಅವರ ಕಂಪನಿ ಇನ್ಶುರೆನ್ಸ್ ಐತಿ.”

ಮುಂದಿನ ಚೆಂಡು ಈರೇಶನಿಗೂ ಕಾಣಲಿಲ್ಲ. ಹಿಂದೆ ಫಟ್ ಎಂದಾಗಲೇ ಅದು ಬಂದು ಹೋಗಿದ್ದು ತಿಳಿಯಿತು. ಎರಡನೆಯದಕ್ಕೆ ಬ್ಯಾಟು ಬೀಸಿದ, ತಡವಾಗಿತ್ತು. ಮೂರನೆಯದಕ್ಕೆ ಕಣ್ಣು ಮುಚ್ಚಿ ಎಷ್ಟು ಜೋರಾಗಿ ಬೀಸಿದನೆಂದರೆ ತಾನೇ ಒಂದು ಸುತ್ತು ತಿರುಗಿ ಮಣ್ಣಿನಲ್ಲಿ ಕೂತ. ಪಂದ್ಯ ಮುಗಿಯಿತು. ಹಾಕ್ಸ್‌ನವರು ನಿಜಗುಣನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಈರೇಶ ಕೂತಲ್ಲಿಂದಲೇ ಚಪ್ಪಾಳೆ ತಟ್ಟಿದ. ಗದಿಗೆಪ್ಪ ಅವನಿಗೆ ಬೆನ್ನು ಹಾಕಿ ನಡೆದ.

ಆಮೇಲೆ ಎಲ್ಲರೂ ದಂಡೆಯ ಬೆಂಚುಗಳಲ್ಲಿ ಸಮೋಸ ತಿನ್ನುವಾಗ ಈರೇಶ ಬಲ್‌ಜೀತ್‌ನನ್ನು ಬದಿಗೆ ಕರೆದು, ಬರುವ ವರ್ಷಕ್ಕೆ ನಿಜಗುಣನನ್ನು ಬಿಟ್ಟುಕೊಡುತ್ತೀಯಾ ಎಂದು ಕೇಳಿದ. ಬಲ್‌ಜೀತ್ ಗಡ್ಡ ನೀವಿಕೊಂಡು, ಬದಲಿಗೆ ವರುಣ್‌ನನ್ನು ಕೊಡು ಎಂದ. ಈರೇಶ ದೂರದಲ್ಲಿ, ಪಂದ್ಯ ನೋಡಲು ಬಂದಿದ್ದ ಮಾನ್ಯಾಳ ಜೊತೆ ಕ್ಯಾಚ್ ಆಡುತ್ತಿದ್ದ ಹುಡುಗನನ್ನು ನೋಡಿದ. ಅವಳು ಗ್ಲೌಸನ್ನು ತುಸುವೂ ಅಲುಗಿಸದೆ ಚೆಂಡು ಹಿಡಿಯುತ್ತಿದ್ದಳು. ವರುಣ್ ನಗುತ್ತ ನಗುತ್ತ ಇನ್ನೂ ಜೋರಾಗಿ ಒಗೆಯುತ್ತಿದ್ದ.

“ಆಗಂಗಿಲ್ಲ,” ಎಂದು ಈರೇಶ ಕನ್ನಡದಲ್ಲೇ ಹೇಳಿ, ಬಲ್‌ಜೀತ್‌ಗೆ ತಿಳಿಯಲೆಂದು ತಲೆ ಅಡ್ಡಡ್ಡ ಆಡಿಸಿದ. ಆಮೇಲೆ ಮಾನ್ಯಾಳ ಹತ್ತಿರ ಹೋಗಿ ಮೊಣಕಾಲ ಪಟ್ಟಿ, ಮುಖವಾಡ, ಗ್ಲೌಸು ಎಲ್ಲ ಅವಳ ಕೈಗಿತ್ತ. “ತಂಡದಾಗಿಂದ ಒಬ್ಬ ಕ್ಯಾಚರ್‌ನ್ನ ತಗದೀವಿ. ಬರೂ ವರ್ಷ ನೀ ಬರ್ತೀಯೇನವಾ?”

“ಶೂರ್ ಅಂಕಲ್,” ಎಂದಳು ಮಾನ್ಯಾ. “ಬಟ್ ಐ ಕಾಲ್ ದ ಪಿಚಸ್.” ಯಾವ ಚೆಂಡು ಒಗೆಯಬೇಕೆಂದು ಪಿಚರ್‌ಗೆ ಹೇಳುವವಳು ತಾನೇ ಎಂಬ ಷರತ್ತು ಅದು.

ಮನೆಗೆ ಹೋಗುವಾಗ ನಿಜಗುಣ ಹಿಂದಿನ ಸೀಟಿನಲ್ಲಿ ಹಾಕ್ಸ್ ಅಂಗಿಯಲ್ಲೇ ಕೂತಿದ್ದ.

“ಬಲ್‌ಜೀತ್ ವರುಣ್‌ನ ಕೊಡದಿದ್ರ ನಿನ್ನ ಬಿಡೂದಿಲ್ಲ ಅಂತಾನ,” ಎಂದ ಈರೇಶ ಕನ್ನಡಿಯಲ್ಲಿ ನೋಡುತ್ತ.

“ನಾನೂ ಬರೂದಿಲ್ಲ ಮಾಮಾ. ಅಲ್ಲಿ ನನಗ ಯಾರೂ ಬೀಗರಿಲ್ಲ, ಆರಾಮ ಐತಿ. ಆ ವರುಣ್‌ಗ ಮಾತ್ರ ಚೆಂಡು ಹಿಡಿಯೂದನ್ನ ಯಾರರ ಕಲಿಸ್ರಿ. ಬೆರಳು ಹೊಲಿಗಿ ಮ್ಯಾಲೆ ಇಡೂದ ಗೊತ್ತಿಲ್ಲ ಅವಗ.”

“ನೀನ ಕಲಿಸು.”

“ಎದುರಾಳಿಗೆ?”

“ಮಂಗಳವಾರ ಸಂಜಿಮುಂದ ಕರೀತೀನಿ. ಹಿತ್ತಲದಾಗ.”

ನಿಜಗುಣ ಎಲ್ಲ ಕಲಿಸುವುದಿಲ್ಲ, ಒಂದೆರಡು ವಿದ್ಯೆ ತನಗೇ ಇಟ್ಟುಕೊಳ್ಳುತ್ತೇನೆ ಎಂದ. ಈರೇಶ ಒಪ್ಪಲಿಲ್ಲ. ಹೈವೇ ಉದ್ದಕ್ಕೂ ಅವರಿಬ್ಬರು ಆ ಹುಡುಗನ ಭುಜದ ಬಗ್ಗೆ, ಬೆರಳಿನ ಬಗ್ಗೆ, ಕಾಲು ಇಡುವ ರೀತಿಯ ಬಗ್ಗೆ ವಾದ ಮಾಡಿದರು. ಮಾಧುರಿ ಒಂದೆರಡು ಸಲ ರಾತ್ರಿಗೆ ಏನು ಅಡಿಗೆ ಮಾಡಲಿ ಎಂದು ಕೇಳಿದಳು. ಯಾರೂ ಉತ್ತರ ಕೊಡದಿದ್ದಾಗ ಸೀಟು ಹಿಂದಕ್ಕೆ ಒರಗಿಸಿ ನಿದ್ದೆ ಹೋದಳು.