ಬುಧವಾರದ ಸಾಲು

ಹಾಲಿನಲ್ಲಿ ನೊಣ, ಬಿದ್ದೇಬಿಟ್ಟಿತಲ್ಲ ಎಂದು ಶ್ವೇತ ಹಾಲು ಕರೆಯುವುದನ್ನು ನಿಲ್ಲಿಸಿ ಬೆರಳು ಅದ್ದಿದಳು, ನೊರೆ ಬಿಟ್ಟರೆ ಏನೂ ಹತ್ತಲಿಲ್ಲ, ನೊಣ ಹಾಲಿನಿಂದ ಹಸುವಿನ ಹೊಟ್ಟೆಗೆ, ಅಲ್ಲಿಂದ ಕೊಟ್ಟಿಗೆಯ ಗೋಡೆಗೆ ಜಾರಿತು, ಕಣ್ಣು ಹೋದಲ್ಲೆಲ್ಲ ಹೋಗುತ್ತದೆ, ಒಂದಲ್ಲ, ಹತ್ತಾರು, ಯಾರೋ ಎಡಗಣ್ಣಿನೊಳಗೆ ಹಿಡಿ ರಾಗಿ ಎರಚಿದ ಹಾಗೆ — ಮೊದಲು ಬಂದದ್ದು ಮಿಂಚು, ಶನಿವಾರ ಸಂಜೆ, ತಲೆ ಹೊರಳಿಸಿದರೆ ಕಣ್ಣಂಚಿನಲ್ಲಿ ಛಳಕ್, ಬೆಳಗೊಳದ ಮೇಲೆ ಒಂದು ಮೋಡವೂ ಇರಲಿಲ್ಲ. ನೋವೈತಾ, ಮೊನ್ನೆ ಡ್ಯೂಟಿಗೆ ಹೊರಟ ಗಂಡ ಲೋಕೇಶ ಬೂಟಿನ ದಾರ ಕಟ್ಟುತ್ತಲೇ ಕೇಳಿದ್ದ, ಇಲ್ಲ ಕಣ್ರೀ ಅಂದಿದ್ದಳು, ಅಂಗಾರೆ ಬಾನ್ವಾರ ರಜಾ ಅದೆ, ಡಾಕ್ಟ್ರತ್ರ ಓಗನ ಬುಡು. ಅತ್ತೆ ಬೆಟ್ಟಮ್ಮ ಒಲೆ ಮುಂದಿಂದಲೇ, ನೋವಿಲ್ದಿದ್ದು ಅದ್ಯಾವ್ ಕಾಯ್ಲೆ, ಉಷ್ಣ ಕಣವ್ವ, ನೆತ್ತಿಗೆ ಅಳ್ಳೆಣ್ಣೆ ಆಕ್ಕೋ — ನೋವಿದ್ದಿದ್ದರೆ ಚೆನ್ನಾಗಿತ್ತು, ಅಳಬಹುದಿತ್ತು, ಯಾರಾದರೂ ನಂಬುತ್ತಿದ್ದರು.

ಅಪ್ಪನಿಗೂ ನೋವಿರಲಿಲ್ಲ. ತವರೂರು ಸಿಂಧಘಟ್ಟದ ಜಗಲಿಯ ಮೇಲೆ, ಬಲಗಣ್ಣಿಗೆ ಅಂಗೈ ಮುಚ್ಚಿಕೊಂಡು ತೆಂಗಿನಮರ ನೋಡುತ್ತ, ಯಾರೋ ಕೆಳಗಿಂದ ಕರೀ ಪರದೆ ಎಳೀತಾವ್ರೆ ಕಣ್ಮಗ, ಬುಡ ಕಾಣ್ತಿಲ್ಲ, ಎಂಟು ದಿನ ಅಂಗಡಿಯ ಹನಿಮದ್ದು, ಒಂಬತ್ತನೆಯ ದಿನ ಮೈಸೂರಿನ ಡಾಕ್ಟರು, ಒಳಗಿನ ರೆಟಿನಾ ಪದರ ಹರಿದು ಗೋಡೆಯಿಂದ ಕಾಗದ ಬಿಟ್ಟುಕೊಂಡ ಹಾಗೆ ಕಳಚಿದೆ, ನಡುವಿನ ನೋಟ ಹೋಗುವ ಮುಂಚೆ ಬರಬಾರದಿತ್ತೇ, ಆ ಕಣ್ಣು ಮತ್ತೆ ಬರಲಿಲ್ಲ. ಡಾಕ್ಟರು ಅವಳತ್ತ ತಿರುಗಿ, ದಪ್ಪ ಕನ್ನಡಕದವರ ಕಣ್ಣುಗುಡ್ಡೆ ಉದ್ದ, ಪದರ ತೆಳು, ನಿಮ್ಮದೂ ಮೈನಸ್ ಒಂಬತ್ತಲ್ವೇನಮ್ಮ — ಅವಳು ತನ್ನ ಕಣ್ಣು ಮುಟ್ಟಿಕೊಳ್ಳಲಿಲ್ಲ, ಮಡಿಲಲ್ಲಿ ಮಲಗಿದ್ದ ಮಗಳು ಚಿನ್ನುವಿನ ರೆಪ್ಪೆ ಮುಟ್ಟಿದಳು. ಚಿನ್ನುವಿಗೆ ಈಗ ಏಳು ವರ್ಷ, ಮೈನಸ್ ಆರು. ಇದು ಅಪ್ಪನಿಗೆ ಬಂದದ್ದೇ ಅಂತ ಲೋಕೇಶನಿಗೆ ಒಂದು ಮಾತು ಹೇಳಿದ್ದರೆ ಆವತ್ತೇ ಹೊರಡುತ್ತಿದ್ದ, ಹೇಳಲಿಲ್ಲ, ಹೇಳಿದರೆ ಅದು ಅಪ್ಪನಿಂದ ನನಗೆ, ನನ್ನಿಂದ — ಇಲ್ಲ, ಮಗು ಅಲ್ಲೇ ಕೂತು ರೊಟ್ಟಿ ತಿನ್ನುತ್ತಿತ್ತು, ಹೊಸದಾಗಿ ಈದ ಹಸು ಬೇರೆ, ನನ್ನ ಕೈ ಬಿಟ್ಟರೆ ಯಾರಿಗೂ ಹಾಲಿಳಿಸದು, ನೆವ, ಎಲ್ಲ ನೆವ.

ನಡುಮನೆಯ ಕ್ಯಾಲೆಂಡರಿನಲ್ಲಿ ವಾರಕ್ಕೊಂದು ಅಡ್ಡಸಾಲು, ಭಾನುವಾರ ತುದಿಗೆ, ಶನಿವಾರ ಬುಡಕ್ಕೆ. ದಿನಾ ಎದ್ದ ಕೂಡಲೇ ಬಲಗಣ್ಣಿಗೆ ಅಂಗೈ ಮುಚ್ಚಿ ನಡುವಿನ ಬುಧವಾರದ ಸಾಲನ್ನೇ ದಿಟ್ಟಿಸುವುದು, ಸೋಮವಾರ ನೋಡಿದಾಗ ಶನಿವಾರದ ಸಾಲು ಇರಲಿಲ್ಲ, ನಿನ್ನೆ ಶುಕ್ರವಾರದ್ದೂ ಇಲ್ಲ, ಈವತ್ತು ಗುರುವಾರವನ್ನೂ ನುಂಗಿ ನೆರಳು ಬುಧವಾರದ ಕಾಲಿಗೆ ತಾಗಿದೆ, ಮೇಲೆ ಭಾನುವಾರದ ಕೆಂಪಂಕಿಗಳು ಮಾತ್ರ ನಿಚ್ಚಳ, ಓಗನ ಬುಡು, ಭಾನುವಾರದ ತನಕ ಬುಧವಾರ ಉಳಿದೀತೇ, ಹಿಂದೆ ಬಾಗಿಲ ಸಂದಿಯಲ್ಲಿ ಚಿನ್ನು ನಿಂತಿರುತ್ತಾಳೆ, ಏನೋ ಕೇಳಲು ಬಾಯಿ ತೆರೆಯುತ್ತಾಳೆ, ಏನ್ಮಗ ಅಂದರೆ, ಏನಿಲ್ಲ, ಎರಡು ದಿನದಿಂದ ಏನಿಲ್ಲ — ಮತ್ತೆ ನೊಣ, ಇಲ್ಲದ ನೊಣ, ಸಾಕು, ಅರ್ಧ ಕರೆದದ್ದೇ ಸಾಕು, ಕರು ಕುಡಿಯಲಿ, ಲೋಕೇಶ ಎದ್ದಿರುತ್ತಾನೆ, ಎಲ್ಲ ಹೇಳಿಬಿಡುವುದು, ಈವತ್ತೇ, ಏಳರ ಬಸ್ಸಿಗೇ. ಕರುವಿನ ಹಗ್ಗ ಬಿಚ್ಚಿದಳು, ಎಡಗಾಲು ಹೊಸಿಲಿಗೆ ಎಡವಿತು, ಬಕೀಟು ತುಳುಕಿತು, ನಡುಮನೆಯಲ್ಲಿ ಕ್ಯಾಲೆಂಡರಿನ ಮುಂದೆ, ಸ್ಟೂಲು ಹತ್ತಿ, ಯೂನಿಫಾರ್ಮಿನಲ್ಲಿ ಚಿನ್ನು, ಕನ್ನಡಕದ ಬಲಗಾಜಿಗೆ ಅಂಗೈ, ಅಪ್ಪನ ಅಂಗೈ, ತನ್ನ ಅಂಗೈ, ಆ ಪುಟ್ಟ ಅಂಗೈ, ಅಂಗೈ —

ಅವ್ವಾ, ನನ್ ಕಣ್ಣೂ ತಾತನ್ ಕಣ್ಣಂಗೆ ಓಗ್ಬುಡ್ತದಾ?